ನಾಯಿಗೂ ಒಂದು ರಹದಾರಿ

ಬೆಂಗಳೂರಿನಿಂದ ಮೆಲ್ಬರ್ನಿಗೆ ಹೊರಟ ಮನುಷ್ಯ ಒಂದು ಹಗಲು, ಒಂದು ರಾತ್ರಿಯೊಳಗೆ ಅಲ್ಲಿ ಇಳಿದು ಮಾರನೆಯ ದಿನ ಕೆಲಸಕ್ಕೂ ಹೋಗಬಹುದು. ಅವನ ಸಾಕುನಾಯಿ ಹಾಗೆ ಹೋಗುವಂತಿಲ್ಲ. ಭಾರತದಿಂದ ನೇರವಾಗಿ ಬರುವ ನಾಯಿಯನ್ನು ಆಸ್ಟ್ರೇಲಿಯಾ ಒಳಗೆ ಬಿಟ್ಟುಕೊಳ್ಳುವುದೇ ಇಲ್ಲ. ಅದು ಮೊದಲು ಸಿಂಗಪುರದಂಥ, ಆಸ್ಟ್ರೇಲಿಯಾ ಒಪ್ಪಿದ ಮತ್ತೊಂದು ದೇಶಕ್ಕೆ ಹೋಗಬೇಕು. ಅಲ್ಲಿ ಸುಮಾರು ಆರು ತಿಂಗಳು ಕಾಲ ಕಳೆಯಬೇಕು. ಅಲ್ಲಿಂದ ವಿಮಾನ ಏರಿ ಮೆಲ್ಬರ್ನ್ ಹೊರವಲಯದ ಮಿಕಲ್‌ಹ್ಯಾಮ್‌ನಲ್ಲಿರುವ ಸರ್ಕಾರಿ ಕ್ವಾರಂಟೀನ್ ಕೇಂದ್ರದಲ್ಲಿ ಕನಿಷ್ಠ ಹತ್ತು ದಿನ ಇದ್ದು, ಆಮೇಲಷ್ಟೇ ಯಜಮಾನನ ಮುಖ ನೋಡಬೇಕು.

ಇದನ್ನು ಮೊದಲ ಸಲ ಕೇಳಿದವರಿಗೆ ಸಿಟ್ಟು ಬರುವುದು ಸಹಜ. ಲಸಿಕೆ ಹಾಕಿಸಿದ್ದೇವೆ, ಪಶುವೈದ್ಯರ ಸಹಿ ಇದೆ, ಮೊಹರು ಇದೆ, ನಾಯಿ ಆರೋಗ್ಯವಾಗಿದೆ. ಮತ್ತೇನು ಬೇಕು? ಉತ್ತರ ಸ್ವಲ್ಪ ಕಹಿಯಾದದ್ದು. ವಿಮಾನ ನಿಲ್ದಾಣದಲ್ಲಿ ಪರೀಕ್ಷೆಗೊಳಗಾಗುವುದು ಆ ಒಂದು ನಾಯಿಯಲ್ಲ. ಅದು ಹುಟ್ಟಿ ಬೆಳೆದ ದೇಶ. ಆ ದೇಶದ ಬೀದಿಗಳಲ್ಲಿ, ಕಾಡುಗಳಲ್ಲಿ ಹುಚ್ಚುನಾಯಿ ರೋಗ, ಅಂದರೆ ರೇಬಿಸ್, ಇದೆಯೋ ಇಲ್ಲವೋ ಎಂಬುದರ ಮೇಲೆ ನಾಯಿಯ ರಹದಾರಿ ನಿಂತಿದೆ. ಈ ಏರ್ಪಾಡು ಹೇಗೆ ಬಂತು ಎಂಬ ಕಥೆಗೆ ಒಂದೂಕಾಲು ಶತಮಾನ ದಾಟಿದೆ. ಅದರ ಬಹುಭಾಗ ನಡೆದದ್ದು ಇಂಗ್ಲೆಂಡಿನಲ್ಲಿ.

ಮೊದಲು ರೋಗದ ಬಗ್ಗೆ ಎರಡು ಮಾತು. ರೇಬಿಸ್‌ನ ವಿಷಾಣು ಕಚ್ಚಿದ ಗಾಯದ ಮೂಲಕ ಒಳಹೊಕ್ಕು ನರಗಳ ದಾರಿ ಹಿಡಿದು ನಿಧಾನವಾಗಿ ಮಿದುಳಿನ ಕಡೆಗೆ ಸಾಗುತ್ತದೆ. ಈ ಪಯಣಕ್ಕೆ ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು ಬೇಕು. ಕೆಲವೊಮ್ಮೆ ಇನ್ನೂ ಹೆಚ್ಚು. ಅಷ್ಟು ದಿನವೂ ಪ್ರಾಣಿ ಎಂದಿನಂತೆ ತಿಂದುಂಡು ಬಾಲ ಅಲ್ಲಾಡಿಸಿಕೊಂಡಿರುತ್ತದೆ. ಲಕ್ಷಣಗಳು ಕಾಣಿಸಿಕೊಂಡ ಮೇಲೆ ಕೆಲವೇ ದಿನಗಳಲ್ಲಿ ಸಾವು. ನಾಯಿಗೂ ಅಷ್ಟೆ, ಮನುಷ್ಯನಿಗೂ ಅಷ್ಟೆ. ಲಕ್ಷಣ ಕಾಣುವ ಮೊದಲು ನಾಯಿಯ ಒಳಗೆ ರೋಗ ಅಡಗಿದೆಯೇ ಎಂದು ಖಚಿತವಾಗಿ ಹೇಳಬಲ್ಲ ಪರೀಕ್ಷೆ ಇಂದಿಗೂ ಇಲ್ಲ. ಕಾದು ನೋಡುವುದೊಂದೇ ದಾರಿ. ಈ ಕಾಯುವ ಅವಧಿಯೇ ನಮ್ಮ ಕಥೆಯ ತಿರುಳು.

ಹಾಯಿಹಡಗುಗಳ ಕಾಲದಲ್ಲಿ ಈ ಕಾಯುವ ಕೆಲಸವನ್ನು ಸಮುದ್ರವೇ ಮಾಡುತ್ತಿತ್ತು. ಇಂಗ್ಲೆಂಡಿನಿಂದ ಆಸ್ಟ್ರೇಲಿಯಾಕ್ಕೆ ಹೋಗಲು ಮೂರು ನಾಲ್ಕು ತಿಂಗಳು ಹಿಡಿಯುತ್ತಿತ್ತು. ರೋಗ ತಗುಲಿದ ನಾಯಿ ಹಡಗು ಹತ್ತಿದ್ದರೆ ಬಹುಮಟ್ಟಿಗೆ ನಡುನೀರಿನಲ್ಲೇ ಹುಚ್ಚೇರಿ ಸಾಯುತ್ತಿತ್ತು. 1867ರಲ್ಲಿ ಟಾಸ್ಮೇನಿಯಾದಲ್ಲಿ ರೇಬಿಸ್ ಒಮ್ಮೆ ತಲೆಯೆತ್ತಿ ಅಡಗಿದ್ದು ಬಿಟ್ಟರೆ ಆ ಭೂಖಂಡದಲ್ಲಿ ಈ ರೋಗ ನೆಲೆಯೂರಲೇ ಇಲ್ಲ. 1869ರಲ್ಲಿ ಸೂಯೆಜ್ ಕಾಲುವೆ ತೆರೆಯಿತು, ಹಾಯಿಯ ಬದಲು ಉಗಿ ಬಂತು. ಮುಂಬಯಿಯಿಂದ ಲಂಡನ್ ಕೆಲವು ವಾರಗಳ ಹಾದಿಯಾಯಿತು. 1935ರಲ್ಲಿ ಲಂಡನ್ನಿನಿಂದ ಬ್ರಿಸ್ಬೇನಿಗೆ ವಿಮಾನ ಸಂಚಾರ ಆರಂಭವಾದಾಗ ಆ ದೂರ ಹನ್ನೆರಡು ದಿನಗಳಿಗೆ ಇಳಿಯಿತು. 1948ರ ಜೂನ್ 8ರಂದು ಏರ್ ಇಂಡಿಯಾದ ‘ಮಲಬಾರ್ ಪ್ರಿನ್ಸೆಸ್’ ಮುಂಬಯಿಯಿಂದ ಲಂಡನ್ನಿಗೆ ಮೊದಲ ಯಾನ ಹೊರಡುವ ಹೊತ್ತಿಗೆ ಲೆಕ್ಕ ದಿನಗಳಿಂದ ಗಂಟೆಗಳಿಗೆ ಬಂದಿತ್ತು. ರೋಗ ಅಡಗಿರುವ ಕಾಲ ಮಾತ್ರ ಕಡಿಮೆಯಾಗಲಿಲ್ಲ. ವಾಹನದ ವೇಗ ಹೆಚ್ಚಿದಷ್ಟೂ ಸಮುದ್ರ ಬಿಟ್ಟುಕೊಟ್ಟ ಕಾವಲು ಕೆಲಸವನ್ನು ಕಾನೂನು ವಹಿಸಿಕೊಳ್ಳಬೇಕಾಯಿತು.

ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡು ಹುಚ್ಚುನಾಯಿಗಳ ಭಯದಲ್ಲಿ ನಮ್ಮ ಹಳ್ಳಿಗಳಿಗೇನೂ ಕಡಿಮೆ ಇರಲಿಲ್ಲ. 1885ರಲ್ಲಿ ಪ್ಯಾರಿಸಿನಲ್ಲಿ ಲೂಯಿ ಪಾಶ್ಚರ್, ಹುಚ್ಚುನಾಯಿ ಕಚ್ಚಿದ ಜೋಸೆಫ್ ಮೈಸ್ಟರ್ ಎಂಬ ಒಂಬತ್ತು ವರ್ಷದ ಹುಡುಗನಿಗೆ ತನ್ನ ಲಸಿಕೆ ಕೊಟ್ಟು ಉಳಿಸಿದ ಕಥೆ ಶಾಲಾ ಪಠ್ಯಗಳಲ್ಲಿ ಬಂದಿದೆ. ಫ್ರಾನ್ಸ್ ಕಚ್ಚಿಸಿಕೊಂಡವರನ್ನು ಉಳಿಸುವ ದಾರಿ ಹಿಡಿಯಿತು. ಇಂಗ್ಲೆಂಡಿನ ಅಧಿಕಾರಿಗಳು ಬೇರೆ ದಾರಿ ನೋಡಿದರು. ತಮ್ಮದು ದ್ವೀಪ, ಒಳಗಿನ ರೋಗವನ್ನು ಒಮ್ಮೆ ಅಳಿಸಿ ಹೊರಗಿನ ಬಾಗಿಲು ಮುಚ್ಚಿದರೆ ಲಸಿಕೆಯ ಗೊಡವೆಯೇ ಬೇಡವಲ್ಲ ಎಂದು.

ಈ ಕೆಲಸಕ್ಕೆ ಕೈಹಾಕಿದವನು ವಾಲ್ಟರ್ ಲಾಂಗ್. 1895ರಿಂದ 1900ರವರೆಗೆ ಬ್ರಿಟನ್ನಿನ ಕೃಷಿ ಮಂಡಳಿಯ ಅಧ್ಯಕ್ಷನಾಗಿದ್ದ ಈತ ವಿಲ್ಟ್‌ಷೈರಿನ ಜಮೀನ್ದಾರ, ಬೇಟೆಯ ಶೋಕಿಯವನು. ರೋಗವಿರುವ ಜಿಲ್ಲೆಗಳಲ್ಲೆಲ್ಲ ನಾಯಿಗಳ ಬಾಯಿಗೆ ಕುಕ್ಕೆ ಕಟ್ಟಬೇಕು ಎಂದು ಆಜ್ಞೆ ಹೊರಡಿಸಿದ. ಕಣದಲ್ಲಿ ತೆನೆ ತುಳಿಯುವ ಎತ್ತಿಗೆ ನಾವು ಕಟ್ಟುತ್ತೇವಲ್ಲ, ಹೆಚ್ಚು ಕಡಿಮೆ ಅದೇ, ಆದರೆ ತಂತಿಯದು. ಕುಕ್ಕೆಯಿಲ್ಲದೆ ಬೀದಿಯಲ್ಲಿ ಸಿಕ್ಕ ನಾಯಿಯನ್ನು ಪೊಲೀಸರು ಹಿಡಿಯುತ್ತಿದ್ದರು, ವಾರಸುದಾರರಿಗೆ ದಂಡ ಬೀಳುತ್ತಿತ್ತು. ಇದರಿಂದ ಎದ್ದ ಗದ್ದಲ ಅಷ್ಟಿಷ್ಟಲ್ಲ. ಶ್ವಾನಪ್ರಿಯರು ಸಂಘ ಕಟ್ಟಿ ಅರ್ಜಿ ಹಾಕಿದರು, ಸಭೆ ನಡೆಸಿದರು, ಲಾಂಗನನ್ನು ಕ್ರೂರಿ ಎಂದು ಕರೆದರು. ಕುರಿ ಕಾಯುವ ನಾಯಿಗಳಿಗೂ ಸಿರಿವಂತರ ಬೇಟೆನಾಯಿಗಳಿಗೂ ಕೆಲಸದ ಹೊತ್ತಿನಲ್ಲಿ ವಿನಾಯಿತಿ ಕೊಟ್ಟದ್ದು ಉರಿಗೆ ತುಪ್ಪ ಸುರಿದಂತಾಯಿತು. ಬಡವನ ನಾಯಿಗೆ ತಂತಿ, ದೊರೆಯ ನಾಯಿಗೆ ಸ್ವಾತಂತ್ರ್ಯವೇ ಎಂಬ ಪ್ರಶ್ನೆಯಲ್ಲಿ ನ್ಯಾಯವಿತ್ತು. ಲಾಂಗ್ ಜಗ್ಗಲಿಲ್ಲ. 1902ರ ಹೊತ್ತಿಗೆ ಬ್ರಿಟನ್ನಿನಲ್ಲಿ ರೇಬಿಸ್ ಇಲ್ಲವಾಯಿತು. ಲಸಿಕೆ ಇಲ್ಲದೆ, ಔಷಧ ಇಲ್ಲದೆ, ಬರೀ ಕುಕ್ಕೆ ಮತ್ತು ಪೊಲೀಸರ ಬಲದಿಂದ ಇಡೀ ದ್ವೀಪ ಒಂದು ರೋಗವನ್ನು ಕಳೆದುಕೊಂಡ ಇಂಥ ಉದಾಹರಣೆ ವಿರಳ.

ಬಾಗಿಲು ಮುಚ್ಚುವ ಕೆಲಸವೂ ಜೊತೆಯಲ್ಲೇ ನಡೆಯಿತು. 1897ರಲ್ಲಿ, ಹೊರದೇಶದಿಂದ ಬರುವ ನಾಯಿಗೆ ಪರವಾನಗಿ ಬೇಕು, ಬಂದ ಮೇಲೆ ಪ್ರತ್ಯೇಕವಾಗಿ ಇಡಬೇಕು ಎಂಬ ಆದೇಶ ಹೊರಟಿತು. 1901ರಲ್ಲಿ ಆ ಅವಧಿ ಆರು ತಿಂಗಳಿಗೆ ಏರಿತು. ಇಂಗ್ಲೆಂಡಿನ ‘ಆರು ತಿಂಗಳು’ ಎಂದು ಮುಂದೆ ಜಗತ್ತಿನ ನಾಯಿ ಸಾಕುವವರೆಲ್ಲ ನಿಟ್ಟುಸಿರು ಬಿಟ್ಟದ್ದು ಇದನ್ನೇ. ಆರು ತಿಂಗಳೇ ಏಕೆ? ಅಷ್ಟು ಕಾಲ ಕಳೆದರೆ ಅಡಗಿದ ರೋಗ ಬಹುಪಾಲು ಹೊರಬಿದ್ದೇ ತೀರುತ್ತದೆ ಎಂಬ ಲೆಕ್ಕ. ಬಹುಪಾಲು ಎಂಬ ಮಾತನ್ನು ಓದುಗರು ಗಮನದಲ್ಲಿಡಬೇಕು. ಅದಕ್ಕೆ ಮುಂದೆ ಬರುತ್ತೇನೆ.

ನಮ್ಮ ಕಡೆಯ ಒಂದು ಸಂಗತಿ ಇಲ್ಲಿ ನೆನಪಾಗುತ್ತದೆ. ಮುಧೋಳದ ಅರಸು ಮಾಲೋಜಿರಾವ್ ಘೋರ್ಪಡೆಯವರು ತಮ್ಮ ಸೀಮೆಯ ಬೇಟೆನಾಯಿಯ ಎರಡು ಮರಿಗಳನ್ನು ಐದನೆಯ ಜಾರ್ಜ್ ದೊರೆಗೆ ಕಾಣಿಕೆಯಾಗಿ ಕೊಟ್ಟರು, ‘ಮುಧೋಳ ನಾಯಿ’ ಎಂಬ ಹೆಸರು ಪ್ರಚಾರಕ್ಕೆ ಬಂದದ್ದೇ ಆಗ ಎಂಬ ಪ್ರತೀತಿ ಬಾಗಲಕೋಟೆ ಕಡೆ ಇಂದಿಗೂ ಇದೆ. ಐದನೆಯ ಜಾರ್ಜ್ ಪಟ್ಟಕ್ಕೆ ಬಂದದ್ದು 1910ರಲ್ಲಿ. ಅಷ್ಟರಲ್ಲಿ ಆರು ತಿಂಗಳ ನಿಯಮ ಜಾರಿಯಲ್ಲಿತ್ತು. ದೊರೆಗೆ ಕಾಣಿಕೆಯಾದರೂ ಮುಧೋಳದ ಮರಿಗಳು ಹುಟ್ಟೂರಿನ ದೆಸೆಯಿಂದಲೇ ಸಂಶಯಕ್ಕೆ ಒಳಗಾಗುವ ಕಾಲ ಅದು.

ಕಾನೂನು ಗಟ್ಟಿಯಾಗಿದ್ದರೂ ಮನುಷ್ಯನ ಮಮತೆ ಅದಕ್ಕಿಂತ ಚಾಲಾಕಿ. ಮೊದಲನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ ಫ್ರಾನ್ಸಿನ ಕಂದಕಗಳಲ್ಲಿ ಜೊತೆಗಿದ್ದ ನಾಯಿಗಳನ್ನು ಸೈನಿಕರು ಕದ್ದು ತಾಯ್ನಾಡಿಗೆ ತಂದರು. 1918ರಲ್ಲಿ ಪ್ಲಿಮತ್ ಸುತ್ತಮುತ್ತ ರೇಬಿಸ್ ಮತ್ತೆ ಕಾಣಿಸಿತು. ಇಂಥ ಒಂದು ನಾಯಿಯೇ ಅದಕ್ಕೆ ಮೂಲ ಎಂದು ಅಂದಿನವರು ನಂಬಿದರು. ಡೆವನ್, ಕಾರ್ನ್‌ವಾಲ್ ದಾಟಿ ಅದು ಹರಡಿತು. ಮುನ್ನೂರಕ್ಕೂ ಹೆಚ್ಚು ನಾಯಿಗಳಲ್ಲಿ ರೋಗ ಪತ್ತೆಯಾಯಿತು. ಮತ್ತೆ ಕುಕ್ಕೆ, ಮತ್ತೆ ದಂಡ. 1922ಕ್ಕೆ ಅದು ಮುಗಿಯಿತು. ಯುದ್ಧಭೂಮಿಯಲ್ಲಿ ಪಕ್ಕದಲ್ಲಿ ಮಲಗಿದ ಪ್ರಾಣಿಯನ್ನು ಬಿಟ್ಟುಬರಲಾರದ ಸೈನಿಕನನ್ನು ತಪ್ಪಿತಸ್ಥ ಎನ್ನಲು ಮನಸ್ಸು ಒಪ್ಪುವುದಿಲ್ಲ. ಆದರೆ ಅಂಥವನೊಬ್ಬನ ಪ್ರೀತಿಗೆ ನೂರಾರು ನಾಯಿಗಳು ಸತ್ತವು ಎನ್ನುವುದೂ ಸುಳ್ಳಲ್ಲ. ಈ ವಿಷಯದಲ್ಲಿ ಎರಡು ಕಡೆಯ ವಾದವೂ ಹೀಗೆಯೇ, ಒಂದನ್ನೊಂದು ರದ್ದು ಮಾಡುವುದಿಲ್ಲ.

ಮುಂದಿನ ಅರ್ಧ ಶತಮಾನ ಹೆಚ್ಚು ಸದ್ದಿಲ್ಲದೆ ಕಳೆಯಿತು. ಹೊರಗಿನಿಂದ ಬಂದ ನಾಯಿ, ಬೆಕ್ಕುಗಳು ಆರು ತಿಂಗಳು ಕೆನೆಲ್ ಎಂಬ ದೊಡ್ಡಿಗಳಲ್ಲಿ ಕಂಬಿಯ ಹಿಂದೆ ಇರುತ್ತಿದ್ದವು. ಖರ್ಚೆಲ್ಲ ಯಜಮಾನನದು. ಭೇಟಿಗೆ ಹೋಗಬಹುದಿತ್ತು; ಕರೆದುಕೊಂಡು ಬರುವಂತಿರಲಿಲ್ಲ. ಮುದಿ ನಾಯಿಗಳು ಕೆಲವು ಅಲ್ಲೇ ಪ್ರಾಣ ಬಿಟ್ಟವು. ಹಾಗೆಯೇ ಕೆಲವು ನಾಯಿಗಳು ದೊಡ್ಡಿಯೊಳಗೇ ರೇಬಿಸ್ ಲಕ್ಷಣ ತೋರಿ ಸತ್ತು, ಈ ವ್ಯವಸ್ಥೆ ದಂಡಕ್ಕಲ್ಲ ಎಂಬುದನ್ನೂ ಸಾಬೀತು ಮಾಡಿದವು. ಹಣವುಳ್ಳವರು ಸುತ್ತುದಾರಿ ಹುಡುಕಿದರು. 1968ರಲ್ಲಿ ಚಿತ್ರನಟಿ ಎಲಿಜಬೆತ್ ಟೇಲರ್, ರಿಚರ್ಡ್ ಬರ್ಟನ್ ದಂಪತಿ ಲಂಡನ್ನಿಗೆ ಬಂದಾಗ ತಮ್ಮ ನಾಯಿಗಳಿಗಾಗಿಯೇ ಒಂದು ವಿಹಾರ ನೌಕೆಯನ್ನು ಬಾಡಿಗೆಗೆ ಹಿಡಿದು ಥೇಮ್ಸ್ ನದಿಯಲ್ಲಿ ಲಂಗರು ಹಾಕಿಸಿದರು. ನಾಯಿ ನೀರಿನ ಮೇಲಿದ್ದರೆ ನೆಲ ಮುಟ್ಟಿದಂತಾಗಲಿಲ್ಲವಲ್ಲ! ಪತ್ರಿಕೆಗಳು ಅದನ್ನು ತೇಲುವ ನಾಯಿಗೂಡು ಎಂದು ಹಾಸ್ಯ ಮಾಡಿದವು.

ಮರುವರ್ಷ ಹಾಸ್ಯ ನಿಂತಿತು. 1969ರಲ್ಲಿ ಜರ್ಮನಿಯಿಂದ ಬಂದ ಫ್ರಿಟ್ಸ್ ಎಂಬ ನಾಯಿ ಆರು ತಿಂಗಳ ಅವಧಿ ಮುಗಿಸಿ ಹೊರಬಂದ ಕೆಲವೇ ದಿನಗಳಲ್ಲಿ ಸರ್ರೆಯ ಕ್ಯಾಂಬರ್ಲಿಯಲ್ಲಿ ಹುಚ್ಚೇರಿ ಇಬ್ಬರನ್ನು ಕಚ್ಚಿ ಸತ್ತಿತು. ಕಚ್ಚಿಸಿಕೊಂಡವರು ಚಿಕಿತ್ಸೆಯಿಂದ ಉಳಿದರು. ಅಲ್ಲಿನ ಬಯಲು, ಪೊದೆಗಳಲ್ಲಿದ್ದ ನರಿ ಮೊದಲಾದ ಕಾಡುಪ್ರಾಣಿಗಳನ್ನು ಮುನ್ನೆಚ್ಚರಿಕೆಯಾಗಿ ಗುಂಡಿಟ್ಟು ಕೊಂದರು. ಕೆಲವು ತಿಂಗಳಲ್ಲೇ, 1970ರಲ್ಲಿ, ಪಾಕಿಸ್ತಾನದಿಂದ ತಂದಿದ್ದ ಮತ್ತೊಂದು ನಾಯಿ ಕ್ವಾರಂಟೀನಿನಿಂದ ಬಿಡುಗಡೆಯಾದ ಮೇಲೆ ನ್ಯೂಮಾರ್ಕೆಟ್‌ನಲ್ಲಿ ಅದೇ ರೋಗದಿಂದ ಸತ್ತಿತು. ‘ಬಹುಪಾಲು’ ಎಂಬ ಮಾತಿನ ಬೆಲೆ ಆಗ ತಿಳಿಯಿತು. ಸರ್ಕಾರ ವಾಟರ್‌ಹೌಸ್ ಸಮಿತಿಯನ್ನು ನೇಮಿಸಿತು. 1971ರಲ್ಲಿ ಬಂದ ಅದರ ವರದಿ ಆರು ತಿಂಗಳ ನಿಯಮವನ್ನು ಉಳಿಸಿ, ದೊಡ್ಡಿಯೊಳಗೇ ಲಸಿಕೆಯನ್ನೂ ಹಾಕಬೇಕೆಂದಿತು. 1974ರ ರೇಬಿಸ್ ಕಾಯಿದೆ ಬಂದ ಮೇಲೆ ನಾಯಿಯನ್ನು ಕದ್ದು ತಂದವರಿಗೆ ಒಂದು ವರ್ಷದವರೆಗೆ ಸೆರೆವಾಸ ವಿಧಿಸಬಹುದಾಗಿತ್ತು. ಬಂದರುಗಳಲ್ಲೂ ವಿಮಾನ ನಿಲ್ದಾಣಗಳಲ್ಲೂ ಹಲವು ಭಾಷೆಗಳ ಎಚ್ಚರಿಕೆಯ ಭಿತ್ತಿಪತ್ರಗಳು ಕಾಣಿಸಿಕೊಂಡವು. 1994ರಲ್ಲಿ ಸಮುದ್ರದಡಿಯ ಸುರಂಗ ರೈಲುಮಾರ್ಗ ತೆರೆದಾಗ ಫ್ರಾನ್ಸಿನ ಹುಚ್ಚುನರಿ ಓಡಿಬಂದೀತು ಎಂಬ ಭಯಕ್ಕೆ ಅದರೊಳಗೆ ಪ್ರಾಣಿತಡೆಗಳನ್ನೂ ಇರಿಸಿದ್ದರು.

ಹಾಗಾದರೆ ಇಷ್ಟು ಬಿಗಿಯಾದ ಬಾಗಿಲು ತೆರೆದುಕೊಂಡದ್ದು ಹೇಗೆ? ಶ್ವಾನಪ್ರಿಯರ ಹೋರಾಟದಿಂದ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಹೋರಾಟ ನಡೆದದ್ದು ನಿಜ. ಪ್ಯಾರಿಸಿನಲ್ಲಿ ರಾಯಭಾರಿಯಾಗಿದ್ದವರ ಪತ್ನಿ ಲೇಡಿ ಮೇರಿ ಫ್ರೆಟ್‌ವೆಲ್, ಸಾಕುಪ್ರಾಣಿಗಳಿಗೆ ಪಾಸ್‌ಪೋರ್ಟ್ ಕೊಡಿ ಎಂದು ಚಳವಳಿ ಕಟ್ಟಿದರು. ಹಾಂಗ್‌ಕಾಂಗಿನ ಕೊನೆಯ ಬ್ರಿಟಿಷ್ ಗವರ್ನರ್ ಕ್ರಿಸ್ ಪ್ಯಾಟನ್ 1997ರಲ್ಲಿ ಅಧಿಕಾರ ಬಿಟ್ಟು ಹೊರಟಾಗ ಅವರ ನಾಯಿಗಳಾದ ವಿಸ್ಕಿ ಮತ್ತು ಸೋಡಾ ಇಂಗ್ಲೆಂಡಿಗೆ ಹೋಗದೆ ಫ್ರಾನ್ಸಿಗೆ ಹೋದವು. ಸಾಮ್ರಾಜ್ಯದ ಗವರ್ನರನ ನಾಯಿಗೂ ರಿಯಾಯಿತಿ ಇರಲಿಲ್ಲ. ಆದರೆ ನನ್ನ ಅಭಿಪ್ರಾಯದಲ್ಲಿ ಬೀಗ ತೆಗೆದ ಕೈ ಬೇರೆ. ಆ ಕಥೆ ನಡೆದದ್ದು ಇಂಗ್ಲೆಂಡಿನಲ್ಲಲ್ಲ, ಸ್ವಿಟ್ಜರ್ಲೆಂಡಿನ ಕಣಿವೆಗಳಲ್ಲಿ.

ಎರಡನೆಯ ಮಹಾಯುದ್ಧದ ನಂತರ ಯುರೋಪಿನಲ್ಲಿ ರೇಬಿಸನ್ನು ಹರಡುತ್ತಿದ್ದದ್ದು ನಾಯಿಗಿಂತ ಹೆಚ್ಚಾಗಿ ಕೆಂಪುನರಿ. ಪೂರ್ವದಿಂದ ಪಶ್ಚಿಮಕ್ಕೆ ವರ್ಷ ವರ್ಷವೂ ರೋಗ ಮುಂದೊತ್ತಿ ಬರುತ್ತಿತ್ತು. ನರಿಗಳನ್ನು ಕೊಂದು ನೋಡಿದರು, ಬಿಲಗಳಿಗೆ ವಿಷವಾಯು ಬಿಟ್ಟು ನೋಡಿದರು. ಕೊಂದಷ್ಟೂ ಹೊಸ ನರಿಗಳು ಆ ಜಾಗಕ್ಕೆ ಬಂದವು. ಕೊನೆಗೆ 1978ರಲ್ಲಿ ಸ್ವಿಟ್ಜರ್ಲೆಂಡಿನ ರೋನ್ ಕಣಿವೆಯಲ್ಲಿ ವಿಚಿತ್ರವಾದ ಪ್ರಯೋಗ ನಡೆಯಿತು. ಕೋಳಿಯ ತಲೆಗಳಲ್ಲಿ ಲಸಿಕೆಯ ಪೊಟ್ಟಣ ಹುದುಗಿಸಿ ನರಿ ಓಡಾಡುವ ದಾರಿಯಲ್ಲಿ ಚೆಲ್ಲಿದರು. ನರಿ ಕೋಳಿತಲೆಯನ್ನು ಬಿಡುವುದುಂಟೆ? ಕಚ್ಚಿದಾಗ ಪೊಟ್ಟಣ ಒಡೆದು ಲಸಿಕೆ ಬಾಯಿಗೆ ಹೋಯಿತು. ರೋಗ ಆ ಕಣಿವೆಯನ್ನು ದಾಟಲಾಗಲಿಲ್ಲ. ಮುಂದೆ ಕಾರ್ಖಾನೆಯಲ್ಲೇ ಮಾಡಿದ ಲಸಿಕೆಯ ತುತ್ತುಗಳನ್ನು ವಿಮಾನ, ಹೆಲಿಕಾಪ್ಟರುಗಳಿಂದ ಕಾಡುಗಳ ಮೇಲೆ ಉದುರಿಸಿದರು. 1999ಕ್ಕೆ ಸ್ವಿಟ್ಜರ್ಲೆಂಡ್, 2001ಕ್ಕೆ ಫ್ರಾನ್ಸ್ ರೇಬಿಸ್‌ಮುಕ್ತವೆನಿಸಿದವು.

ಇಂಗ್ಲೆಂಡಿನ ಪ್ರೊಫೆಸರ್ ಇಯಾನ್ ಕೆನಡಿ ನೇತೃತ್ವದ ತಂಡ 1998ರಲ್ಲಿ ಕ್ವಾರಂಟೀನ್ ಬದಲಿಸಬಹುದು ಎಂದು ವರದಿ ಕೊಟ್ಟದ್ದು ಈ ಹಿನ್ನೆಲೆಯಲ್ಲಿ. ಹೊಸ ವಿಜ್ಞಾನವೂ ನೆರವಿಗೆ ಬಂದಿತ್ತು. ಅಕ್ಕಿಕಾಳಿನಷ್ಟು ಗಾತ್ರದ ಮೈಕ್ರೋಚಿಪ್ಪನ್ನು ಚರ್ಮದಡಿ ಇಟ್ಟರೆ ಇದು ಇದೇ ನಾಯಿ ಎಂದು ಹದಿನೈದು ಅಂಕಿಗಳಲ್ಲಿ ಗುರುತಿಸಬಹುದು. ಲಸಿಕೆ ಹಾಕಿದ ಮೇಲೆ ರಕ್ತ ತೆಗೆದು, ಅದರಲ್ಲಿ ರೋಗ ಎದುರಿಸುವ ಪ್ರತಿಕಾಯಗಳು ಎಷ್ಟಿವೆ ಎಂದು ಅಳೆಯಬಹುದು. ಒಂದು ಮಿಲಿಲೀಟರಿಗೆ 0.5 ಅಂತರರಾಷ್ಟ್ರೀಯ ಮಾನ ಇದ್ದರೆ ತೇರ್ಗಡೆ. 2000ದ ಫೆಬ್ರುವರಿ 28ರಂದು ಪಶ್ಚಿಮ ಯುರೋಪಿನ ನಾಯಿ, ಬೆಕ್ಕುಗಳಿಗೆ ಇಂಗ್ಲೆಂಡಿನ ಬಾಗಿಲು ಈ ನಿಯಮದ ಮೇಲೆ ತೆರೆಯಿತು. ಕಾಯುವುದು ತಪ್ಪಲಿಲ್ಲ, ರಕ್ತ ತೆಗೆದ ದಿನದಿಂದ ಆರು ತಿಂಗಳು ಕಾಯಬೇಕಿತ್ತು. ಆದರೆ ಆ ಆರು ತಿಂಗಳನ್ನು ನಾಯಿ ಕಂಬಿಯ ಹಿಂದೆ ಅಲ್ಲ, ತನ್ನ ಮನೆಯ ಜಗಲಿಯ ಮೇಲೆ ಕಳೆಯಬಹುದಿತ್ತು. ಎಷ್ಟು ದೊಡ್ಡ ವ್ಯತ್ಯಾಸ!

ಇಲ್ಲಿ ಗಮನಿಸಬೇಕಾದದ್ದು ಯಾರಿಗೆ ಬಾಗಿಲು ತೆರೆಯಿತು ಎಂಬುದು. ಲಸಿಕೆ, ಚಿಪ್ಪು, ರಕ್ತಪರೀಕ್ಷೆ ಭಾರತದ ನಾಯಿಗೂ ಸಾಧ್ಯವಿತ್ತು. ಆದರೂ ಮೊದಲು ಪಶ್ಚಿಮ ಯುರೋಪು, ಆಮೇಲೆ ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನಂಥ ರೋಗವಿಲ್ಲದ ನಾಡುಗಳು, 2002ರಲ್ಲಿ ಅಮೆರಿಕ ಮತ್ತು ಕೆನಡಾ ಪಟ್ಟಿಗೆ ಸೇರಿದವು. ಭಾರತ ಸೇರಲಿಲ್ಲ. 2011ರ ಕೊನೆಯವರೆಗೂ ಬೆಂಗಳೂರಿನಿಂದ ಲಂಡನ್ನಿಗೆ ಹೋದ ನಾಯಿ ವಾಲ್ಟರ್ ಲಾಂಗನ ಕಾಲದ ಆರು ತಿಂಗಳನ್ನೇ ಅನುಭವಿಸಬೇಕಿತ್ತು. 2012ರ ಜನವರಿ 1ರಿಂದ ಬ್ರಿಟನ್ ಯುರೋಪಿನ ಇತರ ದೇಶಗಳ ನಿಯಮವನ್ನೇ ಒಪ್ಪಿಕೊಂಡ ಮೇಲೆ ನಮ್ಮ ನಾಯಿಗಳಿಗೂ ಬಂಧನ ತಪ್ಪಿತು. ಈಗಲೂ ಪಟ್ಟಿಯಲ್ಲಿರುವ ದೇಶದ ನಾಯಿಗೆ ಲಸಿಕೆಯ ನಂತರ 21 ದಿನ ಸಾಕು. ಪಟ್ಟಿಯ ಹೊರಗಿರುವ ನಮ್ಮ ದೇಶದ ನಾಯಿಗೆ ಲಸಿಕೆಯಾದ 30 ದಿನಕ್ಕೆ ರಕ್ತಪರೀಕ್ಷೆ, ರಕ್ತ ತೆಗೆದ ಮೇಲೆ ಮೂರು ತಿಂಗಳ ಕಾಯುವಿಕೆ.

ಸ್ವರ್ಗದ ಬಾಗಿಲಲ್ಲಿ ಇಂದ್ರನ ರಥ ನಿಂತಾಗ, ನಾಯಿಯನ್ನು ಬಿಟ್ಟು ಹತ್ತಲಾರೆ ಎಂದ ಧರ್ಮರಾಯನ ಕಥೆ ನಮಗೆಲ್ಲ ಗೊತ್ತು. ಇಂದಿನ ಧರ್ಮರಾಯರಿಗೆ ಹಟಕ್ಕಿಂತ ಪಂಚಾಂಗ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಹೊರದೇಶದ ಕೆಲಸದ ಪತ್ರ ಕೈಗೆ ಬಂದ ದಿನವೇ ಎಣಿಕೆ ಶುರುವಾಗಬೇಕು. ಮೊದಲು ಚಿಪ್ಪು, ಆಮೇಲೆ ಲಸಿಕೆ. ಈ ಕ್ರಮ ತಪ್ಪಿದರೆ ಲಸಿಕೆ ಲೆಕ್ಕಕ್ಕಿಲ್ಲ, ಏಕೆಂದರೆ ಯಾವ ನಾಯಿಗೆ ಹಾಕಿದ್ದು ಎನ್ನುವುದಕ್ಕೆ ಪುರಾವೆ ಇರುವುದಿಲ್ಲ. ನಾಯಿಗಿಂತ ಮೊದಲು ಪ್ರಯಾಣ ಮಾಡುವುದು ಅದರ ರಕ್ತ. ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಒಂದು ಸಣ್ಣ ಕೊಳವೆಯಲ್ಲಿ ಅದು ಹೋಗುತ್ತದೆ. ಕೊನೆಯ ವಾರದಲ್ಲಿ ಕೇಂದ್ರ ಸರ್ಕಾರದ ಪ್ರಾಣಿ ಕ್ವಾರಂಟೀನ್ ಸೇವೆಯ ಕಚೇರಿಯಿಂದ ಆರೋಗ್ಯ ಪ್ರಮಾಣಪತ್ರ ಪಡೆಯಬೇಕು. ಬೆಂಗಳೂರಿನಲ್ಲೂ ಈ ಕಚೇರಿ ಇದೆ. ವಿಮಾನ ಸಂಸ್ಥೆಗಳ ಅಂತರರಾಷ್ಟ್ರೀಯ ಒಕ್ಕೂಟದ ನಿಯಮದಂತೆ ಪೆಟ್ಟಿಗೆಯೊಳಗೆ ನಾಯಿ ನಿಲ್ಲುವಷ್ಟು, ತಿರುಗುವಷ್ಟು, ಮಲಗುವಷ್ಟು ಜಾಗವಿರಬೇಕು. ಮತ್ತು ಬರಿಸುವ ಔಷಧ ಕೊಡಬಾರದು. ಆಕಾಶದಲ್ಲಿ ಉಸಿರಾಟಕ್ಕೆ ಅದು ಅಪಾಯ. ನಾಯಿ ಹೋಗುವ ಸರಕುಕೋಣೆ ಕತ್ತಲಾಗಿದ್ದರೂ ಅಲ್ಲಿ ಗಾಳಿಯ ಒತ್ತಡ, ಉಷ್ಣತೆ ನಿಯಂತ್ರಣದಲ್ಲಿರುತ್ತವೆ. ಬ್ರಿಟನ್ನಿಗಂತೂ ಸಾಕುಪ್ರಾಣಿ ವಿಮಾನದಲ್ಲಿ ಬರುವುದಾದರೆ ಸರಕಾಗಿಯೇ ಬರಬೇಕು, ಮಡಿಲಲ್ಲಿ ಕೂತು ಬರುವಂತಿಲ್ಲ. ಮೊಬೈಲ್ ಫೋನ್ ಕಂಪನಿಯೊಂದರ ಜಾಹೀರಾತಿನಿಂದ 2003ರ ನಂತರ ನಮ್ಮ ನಗರಗಳಲ್ಲಿ ಮನೆಮಾತಾದ ಪಗ್ ನಾಯಿಗೆ ಇನ್ನೊಂದು ತೊಡಕು. ಅದರ ಚಪ್ಪಟೆ ಮೂತಿ ಬಿಸಿಲಿನಲ್ಲಿ ಉಸಿರಾಡಲು ಒದ್ದಾಡುವುದರಿಂದ ಅನೇಕ ವಿಮಾನ ಸಂಸ್ಥೆಗಳು ಅದನ್ನು ಹತ್ತಿಸಿಕೊಳ್ಳುವುದೇ ಇಲ್ಲ.

ನಿಯಮ ಮುರಿದ ಪ್ರಸಿದ್ಧರ ಕಥೆಗಳು ಪತ್ರಿಕೆಗಳಿಗೆ ಸುಗ್ಗಿ. 2015ರಲ್ಲಿ ಹಾಲಿವುಡ್ ನಟ ಜಾನಿ ಡೆಪ್ ದಂಪತಿ ಖಾಸಗಿ ವಿಮಾನದಲ್ಲಿ ಪಿಸ್ಟಲ್ ಮತ್ತು ಬೂ ಎಂಬ ಎರಡು ಪುಟ್ಟ ನಾಯಿಗಳನ್ನು ಹೇಳದೆ ಕೇಳದೆ ಆಸ್ಟ್ರೇಲಿಯಾಕ್ಕೆ ತಂದಾಗ, ಕೃಷಿ ಸಚಿವ ಬಾರ್ನಬಿ ಜಾಯ್ಸ್ ಅವನ್ನು ವಾಪಸು ಕಳಿಸಿ, ಇಲ್ಲವೇ ಕೊಲ್ಲಿಸಬೇಕಾಗುತ್ತದೆ ಎಂದು ಗಡುವು ಕೊಟ್ಟರು. ನಾಯಿಗಳು ಬಂದ ದಾರಿಯಲ್ಲೇ ಹಿಂತಿರುಗಿದವು. 2016ರಲ್ಲಿ ನ್ಯಾಯಾಲಯಕ್ಕೆ ಬಂದ ಗಂಡ ಹೆಂಡತಿ ಕ್ಷಮೆ ಕೇಳುವ ವಿಡಿಯೋ ಮಾಡಬೇಕಾಯಿತು. ಜಗತ್ತು ನಕ್ಕಿತು. ಆದರೆ 2021ರ ಜೂನ್‌ನಲ್ಲಿ ನಡೆದದ್ದು ನಗುವ ವಿಷಯವಾಗಿರಲಿಲ್ಲ. ಅಜರ್‌ಬೈಜಾನಿನಿಂದ ದತ್ತುಕೊಡಲೆಂದು ಅಮೆರಿಕಕ್ಕೆ ವಿಮಾನದಲ್ಲಿ ತಂದ ಮೂವತ್ತಮೂರು ನಾಯಿಗಳಲ್ಲಿ ಒಂದಕ್ಕೆ ರೇಬಿಸ್ ಇತ್ತು. ಅದರ ಬಳಿ ಲಸಿಕೆಯ ಪ್ರಮಾಣಪತ್ರವೂ ಇತ್ತು! ಮರುತಿಂಗಳೇ ಅಮೆರಿಕ, ರೇಬಿಸ್ ಹೆಚ್ಚಿರುವ ನೂರಕ್ಕೂ ಮಿಕ್ಕ ದೇಶಗಳ ನಾಯಿಗಳಿಗೆ ತಾತ್ಕಾಲಿಕ ತಡೆ ಹಾಕಿತು. ಭಾರತವೂ ಆ ಪಟ್ಟಿಯಲ್ಲಿತ್ತು. ಕೆನಡಾ 2022ರ ಸೆಪ್ಟೆಂಬರಿನಲ್ಲಿ, ಅಂಥ ದೇಶಗಳಿಂದ ಮಾರಾಟಕ್ಕೆ ಅಥವಾ ದತ್ತಿಗೆ ನಾಯಿ ತರುವುದನ್ನು ನಿಲ್ಲಿಸಿತು. ನಮ್ಮ ನಗರಗಳ ಅನಾಥ ಬೀದಿಮರಿಗಳಿಗೆ ಅಲ್ಲಿ ಮನೆ ಹುಡುಕುತ್ತಿದ್ದವರ ದಾರಿ ಅಂದಿಗೆ ಮುಚ್ಚಿತು. ಅಮೆರಿಕದ ತಡೆ 2024ರ ಆಗಸ್ಟ್‌ನಲ್ಲಿ ಹೊಸ ನಿಯಮಗಳಾಗಿ ರೂಪ ಬದಲಿಸಿದೆ: ಆರು ತಿಂಗಳು ತುಂಬಿರಬೇಕು, ಚಿಪ್ಪು ಇರಬೇಕು, ನಮ್ಮಂಥ ದೇಶದಲ್ಲಿ ಲಸಿಕೆ ಪಡೆದಿದ್ದರೆ ರಕ್ತಪರೀಕ್ಷೆಯ ಫಲಿತಾಂಶ ಇರಬೇಕು, ಇಲ್ಲವಾದರೆ 28 ದಿನ ಕ್ವಾರಂಟೀನ್.

ನಿಯಮ ಸಡಿಲಿಸಿದ ಸಂದರ್ಭಗಳೂ ಉಂಟು, ಅದಕ್ಕೆ ಯುದ್ಧವೇ ಬೇಕಾಯಿತು. 2022ರಲ್ಲಿ ಉಕ್ರೇನಿನಿಂದ ‘ಆಪರೇಷನ್ ಗಂಗಾ’ ವಿಮಾನಗಳಲ್ಲಿ ಬಂದ ನಮ್ಮ ವಿದ್ಯಾರ್ಥಿಗಳಲ್ಲಿ ಕೆಲವರು ತಮ್ಮ ನಾಯಿ, ಬೆಕ್ಕುಗಳನ್ನು ಎದೆಗವಚಿಕೊಂಡು ಬಂದರು. ಕೇಂದ್ರ ಸರ್ಕಾರ ಅವರಿಗಾಗಿ ಕಾಗದಪತ್ರಗಳ ನಿಯಮವನ್ನು ಆ ಒಂದು ಬಾರಿಗೆ ಸಡಿಲಿಸಿತು. ಅದರ ಹಿಂದಿನ ವರ್ಷ ಕಾಬೂಲ್ ಪತನದ ದಿನಗಳಲ್ಲಿ ಬ್ರಿಟನ್ನಿನ ಮಾಜಿ ಸೈನಿಕ ಪೆನ್ ಫಾರ್ದಿಂಗ್ ನೂರೈವತ್ತಕ್ಕೂ ಹೆಚ್ಚು ನಾಯಿ, ಬೆಕ್ಕುಗಳನ್ನು ಬಾಡಿಗೆ ವಿಮಾನದಲ್ಲಿ ಲಂಡನ್ನಿಗೆ ಕರೆತಂದಾಗ, ಮನುಷ್ಯರೇ ವಿಮಾನ ಸಿಗದೆ ರನ್‌ವೇಯಲ್ಲಿ ಓಡುತ್ತಿರುವಾಗ ಇದೇನು ಎಂದು ಸಂಸತ್ತಿನವರೆಗೂ ಚರ್ಚೆ ಹೋಯಿತು. ಆ ಪ್ರಶ್ನೆ ಕೇಳಿದವರನ್ನು ನಿರ್ದಯಿಗಳೆಂದು ನನಗೆ ಅನಿಸುವುದಿಲ್ಲ.

ಕೊನೆಗೆ ನಮ್ಮ ಬೀದಿಗೇ ಬರಬೇಕು. ರೇಬಿಸ್ ಲಸಿಕೆಯ ಚರಿತ್ರೆಯಲ್ಲಿ ಭಾರತದ ಹೆಸರು ಸಣ್ಣದಲ್ಲ. ಹಿಮಾಚಲದ ಕಸೌಲಿಯಲ್ಲಿ 1900ರಲ್ಲಿ, ನಮಗೆ ಹತ್ತಿರದ ಕೂನೂರಿನಲ್ಲಿ 1907ರಲ್ಲಿ ಪಾಶ್ಚರ್ ಸಂಸ್ಥೆಗಳು ತೆರೆದವು. ಕಸೌಲಿಯಲ್ಲಿ ಡೇವಿಡ್ ಸೆಂಪಲ್ 1911ರಲ್ಲಿ ರೂಪಿಸಿದ ಲಸಿಕೆಯನ್ನು ಲೋಕವೆಲ್ಲ ದಶಕಗಳ ಕಾಲ ಬಳಸಿತು. ಹೊಕ್ಕುಳ ಸುತ್ತ ಹಾಕಿಸಿಕೊಂಡ ಹದಿನಾಲ್ಕು ಸೂಜಿಗಳ ನೋವು ನೆನಪಿರುವ ಹಿರಿಯರು ಈಗಲೂ ಇದ್ದಾರೆ. ಅದು ಸೆಂಪಲ್ ಲಸಿಕೆಯೇ. ಹೆಬ್ಬಾಳದ ಪಶುವೈದ್ಯ ಕಾಲೇಜಿನ ರೇಬಿಸ್ ಪ್ರಯೋಗಾಲಯಕ್ಕೆ ಇತ್ತೀಚಿನ ವರ್ಷಗಳಲ್ಲಿ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯ ಮನ್ನಣೆ ದೊರೆತಿದೆ. ಇಷ್ಟಿದ್ದೂ ರೋಗ ನಮ್ಮಲ್ಲಿ ಉಳಿದುಕೊಂಡಿದೆ. ವರ್ಷಕ್ಕೆ ಇಪ್ಪತ್ತು ಸಾವಿರ ಸಾವು ಎಂಬ ಹಳೆಯ ಅಂದಾಜು ಈಚಿನ ಸಮೀಕ್ಷೆಯಲ್ಲಿ ಸುಮಾರು 5,700ಕ್ಕೆ ಇಳಿದಿದೆ. ಇಳಿದದ್ದು ಸಮಾಧಾನ, ಆದರೆ ದಿನಕ್ಕೆ ಹದಿನೈದು ಸಾವು ಎಂದರೆ ಕಡಿಮೆಯೇ? ಸತ್ತವರಲ್ಲಿ ಮಕ್ಕಳು, ಬಡವರು ಹೆಚ್ಚು. ವಿಮಾನದ ಪೆಟ್ಟಿಗೆಯ ಚಿಂತೆ ಅವರ ಮನೆಗಳದ್ದಲ್ಲ.

ರೋನ್ ಕಣಿವೆಯಲ್ಲಿ ನರಿಗೆ ಮಾಡಿದ್ದನ್ನು ಬೀದಿನಾಯಿಗೆ ಮಾಡಬೇಕು ಎನ್ನುವುದು ಗೊತ್ತಿರುವ ವಿಷಯ. ಹತ್ತು ನಾಯಿಗಳಲ್ಲಿ ಏಳಕ್ಕೆ ಲಸಿಕೆ ಬಿದ್ದರೆ ರೋಗದ ಸರಪಳಿ ತುಂಡಾಗುತ್ತದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. 2030ರೊಳಗೆ ನಾಯಿಯಿಂದ ಹರಡುವ ರೇಬಿಸನ್ನು ಕೊನೆಗಾಣಿಸುವ ರಾಷ್ಟ್ರೀಯ ಯೋಜನೆಯನ್ನು ಕೇಂದ್ರ 2021ರಲ್ಲಿ ಪ್ರಕಟಿಸಿತು. ನಮ್ಮ ನೆರೆಯ ಗೋವಾ ಅದಕ್ಕೂ ಮೊದಲೇ ಕೆಲಸ ಆರಂಭಿಸಿತ್ತು. ಸ್ವಯಂಸೇವಕರು ಬಲೆ ಹಿಡಿದು ಊರೂರು ಅಲೆದು ಲಸಿಕೆ ಹಾಕಿದರು, ಶಾಲೆಗಳಲ್ಲಿ ಮಕ್ಕಳಿಗೆ ತಿಳಿಹೇಳಿದರು. ಮೂರು ವರ್ಷ ರೇಬಿಸ್‌ನಿಂದ ಒಂದೂ ಮಾನವ ಸಾವು ಕಾಣದ ಗೋವಾವನ್ನು 2021ರಲ್ಲಿ ರೇಬಿಸ್ ನಿಯಂತ್ರಿತ ರಾಜ್ಯವೆಂದು ಘೋಷಿಸಲಾಯಿತು. ಆದರೂ ಪಣಜಿಯ ನಾಯಿ ಲಂಡನ್ನಿಗೆ ಹೋಗಬೇಕಾದರೆ ಬೆಂಗಳೂರಿನ ನಾಯಿಯಂತೆಯೇ ರಕ್ತ ಕೊಟ್ಟು ಮೂರು ತಿಂಗಳು ಕಾಯಬೇಕು. ಲಂಡನ್ನಿನ ಪಟ್ಟಿಯಲ್ಲಿ ರಾಜ್ಯಗಳ ಹೆಸರಿಲ್ಲ, ದೇಶಗಳದು ಮಾತ್ರ ಇದೆ.